ತಂಗಿಯ ಕೋಕೋ ತೋಟ

ದಸರಾ ರಜ ಶುರುವಾದ ಮಾರನೆಯ ದಿನ ಶೋಭಾರಾಣಿ ಬಂಗಾರಪೇಟೆಯಲ್ಲಿ ರೈಲು ಹತ್ತಿದಳು. ಶ್ರೀನಿವಾಸಪುರದಿಂದ ಬೈಕಿನಲ್ಲಿ ಕರೆತಂದಿದ್ದ ಮಗ ಅರುಣ್‌ಕುಮಾರ್ ಬ್ಯಾಗನ್ನು ಸೀಟಿನ ಕೆಳಗೆ ತಳ್ಳಿ, "ಅಂತೂ ಚಿಕ್ಕಮ್ಮನ ಊರು ನೆನಪಾಯ್ತಲ್ಲಮ್ಮ ನಿನಗೆ" ಎಂದು ನಕ್ಕ. ಅವನು ತಮಾಷೆಗೆ ಅಂದದ್ದು. ಅವಳಿಗೆ ಮಾತ್ರ ನಗು ಬರಲಿಲ್ಲ.

ತಂಗಿ ಆಶಾರಾಣಿ ಮದುವೆಯಾಗಿ ಆಂಧ್ರದ ಏಲೂರಿನ ಕಡೆ ಹೋಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ತೆಂಗು, ಕೋಕೋ ಬೆಳೆಯುವ ಸೀತಂಪಾಲೆಂ ಅನ್ನುವ ಸಣ್ಣ ಪೇಟೆ ಅದು. ಅಪ್ಪ, ಅಮ್ಮ, ಚಿಕ್ಕಪ್ಪಂದಿರು, ಊರಿನ ಸಂಬಂಧಿಕರು ಎಲ್ಲರೂ ಒಂದಲ್ಲ ಒಂದು ಸಲ ಅಲ್ಲಿಗೆ ಹೋಗಿಬಂದಿದ್ದರು. ಸ್ವಂತ ಅಕ್ಕ ಹೋಗಿರಲಿಲ್ಲ. ಒಂದು ವರ್ಷ ಸ್ಕೂಲು, ಒಂದು ವರ್ಷ ಮಗನಿಗೆ ಜ್ವರ, ಒಂದು ವರ್ಷ ಜನಗಣತಿ ಡ್ಯೂಟಿ. ಮೇಷ್ಟ್ರ ಕೆಲಸದಲ್ಲಿರುವವರಿಗೆ ನೆಪ ಹುಡುಕಬೇಕಾಗಿಲ್ಲ, ಅವೇ ಹುಡುಕಿಕೊಂಡು ಬರುತ್ತವೆ.

ಈ ಸಲ ಅವಳನ್ನು ಎಬ್ಬಿಸಿದ್ದು ಆಶಾ ಆಡಿದ ಒಂದು ಮಾತು. ಯುಗಾದಿ ಆದ ಮೇಲೆ ಗೌನಿಪಲ್ಲಿಯಲ್ಲಿ ಅಮ್ಮ ಮುನಿಶಾಮಮ್ಮ ತೀರಿಕೊಂಡಳು. ಕಾರ್ಯವೆಲ್ಲ ಮುಗಿಸಿ ಊರಿಗೆ ಹೊರಟ ಆಶಾ, ಮದನಪಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಸೆರಗಿನಲ್ಲಿ ಮುಖದ ಬೆವರೊರೆಸಿಕೊಳ್ಳುತ್ತ, "ಅಪ್ಪ ಮೊದಲೇ ಹೋದ್ರು. ಈಗ ಅಮ್ಮನೂ ಇಲ್ಲ. ಇನ್ಮೇಲೆ ಈ ಕಡೆ ಬರೋಕೆ ನನಗೇನಿದೆ ಅಕ್ಕ" ಅಂದಿದ್ದಳು. ಅಳುತ್ತ ಅಂದದ್ದಲ್ಲ, ಸಿಟ್ಟಿನಲ್ಲಿ ಅಂದದ್ದೂ ಅಲ್ಲ. ಈ ವರ್ಷ ಮಾವು ಕಮ್ಮಿ ಅನ್ನುವ ಹಾಗೆ ಅಂದಿದ್ದಳು. ಎದುರಿಗೆ ನಿಂತಿದ್ದ ಅಕ್ಕ ಆ ಲೆಕ್ಕದಲ್ಲಿ ಬರಲೇ ಇಲ್ಲ.

ರೈಲು ಕುಪ್ಪಂ ದಾಟಿತು. ಶೋಭಾರಾಣಿ ಕಿಟಕಿಗೆ ತಲೆಯಾನಿಸಿ, ಎಂದಿನಂತೆ, ಆ ಮಧ್ಯಾಹ್ನವನ್ನು ನೆನೆಸಿಕೊಂಡಳು.

ಸಂಬಂಧ ಬಂದದ್ದು ಅವಳಿಗೇ. ಮಾವಿನ ಮಂಡಿಯ ಆವಲಪ್ಪ, ಹಣ್ಣು ಕೊಳ್ಳಲು ಬರುತ್ತಿದ್ದ ಗೋದಾವರಿ ಕಡೆಯವರ ಪರಿಚಯದಲ್ಲಿ ಗೊತ್ತುಮಾಡಿದ ಗಂಡು. ಹೆಸರು ಸತ್ಯನಾರಾಯಣ, ಮನೆಯವರು ಕರೆಯುವುದು ಸತ್ತಿಬಾಬು ಅಂತ. ಶೋಭಾರಾಣಿ ಆಗ ಟೀಚರ್ ಟ್ರೈನಿಂಗ್ ಮುಗಿಸಿ ಪೋಸ್ಟಿಂಗಿಗೆ ಕಾಯುತ್ತಿದ್ದಳು. ಹಜಾರದಲ್ಲಿ ಗಂಡಿನ ಕಡೆಯವರು ಕೂತಿದ್ದಂತೆಯೇ ಹಿತ್ತಲಿಗೆ ಓಡಿಬಂದು, ಅಮ್ಮನ ಕೈ ಹಿಡಿದು ಅತ್ತಿದ್ದಳು. "ನಾನು ಅಷ್ಟು ದೂರ ಹೋಗಲ್ಲ. ಬಲವಂತ ಮಾಡಿದ್ರೆ ಬಾವಿಗೆ ಬೀಳ್ತೀನಿ." ಅಮ್ಮ ದಿಕ್ಕು ತೋಚದೆ, "ಅಷ್ಟು ದೂರದಿಂದ ಬಂದೋರಿಗೆ ಈಗೇನು ಹೇಳ್ಲೇ" ಅಂದಳು. ಆಗ ಶೋಭಾರಾಣಿ ಬಾಯಿಂದ ಬಂದಿತ್ತು: "ಆಶಾನ ತೋರಿಸಿ. ಅವಳಿಗೆ ಎಲ್ಲಾದ್ರೂ ಒಂದೇ."

ಆಶಾ ಆಗ ಶ್ರೀನಿವಾಸಪುರದ ಕಾಲೇಜಿನಲ್ಲಿ ಮೊದಲ ವರ್ಷದ ಡಿಗ್ರಿ ಓದುತ್ತಿದ್ದಳು. ಅಕ್ಕನಿಗೆಂದು ತೆಗೆದಿಟ್ಟಿದ್ದ ಸೀರೆಯನ್ನೇ ಉಟ್ಟು ಹೋಗಿ ಚಾಪೆಯ ಮೇಲೆ ಕೂತಳು. ಆ ಬೇಸಿಗೆಯಲ್ಲೇ ಮದುವೆಯಾಯಿತು.

ಅದಾಗಿ ಎರಡು ವರ್ಷಕ್ಕೆ ಆಶಾಳ ಮೊದಲ ಮಗು, ಇನ್ನೂ ವರ್ಷ ತುಂಬದ ಗಂಡುಕೂಸು, ಜ್ವರ ಬಂದು ತೀರಿಹೋಯಿತು. ಅಪ್ಪ ಅಮ್ಮ ಸಿಕ್ಕಿದ ರೈಲು ಹತ್ತಿ ಹೋದರು. ಶೋಭಾರಾಣಿ ಆಗ ಮುಳಬಾಗಿಲು ಹತ್ತಿರದ ದೇವರಾಯಸಮುದ್ರದ ಸ್ಕೂಲಿನಲ್ಲಿದ್ದಳು. ಇನ್‌ಸ್ಪೆಕ್ಷನ್ ಇದೆ ಅಂದಳು. ಇನ್‌ಸ್ಪೆಕ್ಷನ್ ಇದ್ದದ್ದೂ ನಿಜವೇ. ಆದರೆ ಅದಿಲ್ಲದಿದ್ದರೂ ಅವಳು ಹೋಗುತ್ತಿರಲಿಲ್ಲ. ತನ್ನ ಬದಲಿಗೆ ಹೋದವಳ ಮಡಿಲು ಬರಿದಾಗಿದೆ, ಯಾವ ಮುಖ ಹೊತ್ತು ಎದುರಿಗೆ ನಿಲ್ಲಲಿ ಅಂತ ಕೆರೆ ಏರಿಯ ಮೇಲೆ ಕೂತು ಒಬ್ಬಳೇ ಅತ್ತಿದ್ದಳು. ಆಮೇಲೆ ಆಶಾ ತವರಿಗೆ ಬಂದಾಗಲೆಲ್ಲ ಶೋಭಾರಾಣಿ ಹತ್ತು ಜನರ ನಡುವೆ ಮಾತ್ರ ಅವಳನ್ನು ಮಾತಾಡಿಸಿದಳು. ತಂಗಿಯ ಬದುಕನ್ನು ತಾನು ಹಾಳುಮಾಡಿದೆ ಅನ್ನುವುದು ಅವಳೊಳಗೆ ಒಂದು ಚಿತ್ರವಾಗಿ ಉಳಿದುಬಿಟ್ಟಿತು. ಸೆಕೆಯ ಊರು, ಕತ್ತಲೆ ಅಡುಗೆಮನೆ, ಬಡಕಲಾದ ಆಶಾ.

ಏಲೂರಿನಲ್ಲಿ ಇಳಿದಾಗ ಬೆಳಕು ಹರಿದಿತ್ತು. ಸ್ಟೇಷನ್ನಿನ ಹೊರಗೆ ಆಶಾ ಸ್ಕೂಟರಿನ ಮೇಲೆ ಒಂದು ಕಾಲೂರಿ ಕೂತಿದ್ದಳು. ಮೈಕೈ ತುಂಬಿಕೊಂಡು, ತಲೆಗೆ ಹೂವು ಮುಡಿದು, ಯಾರೋ ಆಟೋದವನ ಜೊತೆ ಗೋದಾವರಿಯ ಎಳೆದಾಡುವ ತೆಲುಗಿನಲ್ಲಿ ಜೋರಾಗಿ ವಾದಿಸುತ್ತಿದ್ದಳು. ಅಕ್ಕನನ್ನು ಕಂಡು, "ಬಂದ್ಯಾ? ಟ್ರೈನ್ ಲೇಟೇನೋ ಅಂದ್ಕೊಂಡಿದ್ದೆ. ಹತ್ತು ಹತ್ತು" ಅಂದಳು.

"ನೀನು ಗಾಡಿ ಓಡಿಸ್ತೀಯಾ?"

"ಮತ್ತೆ? ತೋಟ ಒಂದು ಕಡೆ, ಮನೆ ಒಂದು ಕಡೆ. ಯಾರು ತಿರುಗಿಸ್ತಾರೆ ನನ್ನ?"

ದಾರಿಯುದ್ದಕ್ಕೂ ಕಾಲುವೆ, ಗದ್ದೆ, ಆಮೇಲೆ ತೆಂಗು, ಎಣ್ಣೆತಾಳೆ. ಶೋಭಾರಾಣಿಯ ಕಣ್ಣು ಏನನ್ನೋ ಹುಡುಕುತ್ತಿತ್ತು. ಸುಮಾರು ಹೊತ್ತಿನ ಮೇಲೆ ಅವಳಿಗೆ ತಿಳಿಯಿತು, ಕಣ್ಣಳತೆಯಲ್ಲಿ ಒಂದು ಬಂಡೆಯೂ ಇಲ್ಲ, ಗುಡ್ಡವೂ ಇಲ್ಲ. ಇಲ್ಲಿ ನೆಲವೆಲ್ಲ ಚಪ್ಪಟೆ, ಗಾಳಿಯೆಲ್ಲ ನೀರು. ಸೀರೆ ಆಗಲೇ ಬೆನ್ನಿಗಂಟಿತ್ತು.

ಮನೆ ಚೆನ್ನಾಗಿತ್ತು. ಅಡುಗೆಮನೆಗೆ ಎರಡು ಕಿಟಕಿಗಳಿದ್ದವು. ಸತ್ತಿಬಾಬು ಅಂಗಳದಲ್ಲಿ ಟಾರ್ಪಾಲಿನ ಮೇಲೆ ಕೋಕೋ ಬೀಜ ಹರಡುತ್ತಿದ್ದವನು ಬೀಜ ಎಳೆಯುವ ಉದ್ದ ಹಿಡಿಯ ಮರದ ಹಲಗೆಯನ್ನು ಗೋಡೆಗೊರಗಿಸಿ ಬಂದು, "ರಂಡಿ ವದಿನಗಾರೂ, ರಂಡಿ" ಎಂದು ಕೈಮುಗಿದ. ಅತ್ತಿಗೆಯವರೇ ಬನ್ನಿ ಎನ್ನುವ ಆ ಕರೆಯಲ್ಲಿ ಒಂದಿಷ್ಟೂ ಬಿಗುವಿರಲಿಲ್ಲ. ಬಾಪಟ್ಲದಲ್ಲಿ ಕೃಷಿ ಓದುತ್ತಿದ್ದ ಮಗಳು ರಂಜಿತ ರಜಕ್ಕೆ ಮನೆಗೆ ಬಂದಿದ್ದಳು. ಅವಳು "ಪೆದ್ದಮ್ಮಾ" ಎಂದು ದೊಡ್ಡಮ್ಮನ ಕಾಲು ಮುಟ್ಟಿ, ಬ್ಯಾಗು ಒಳಗೆ ತೆಗೆದುಕೊಂಡು ಹೋದಳು.

ಎಲ್ಲರೂ ಉಪಚಾರ ಮಾಡಿದರು. ಫ್ಯಾನು ತಿರುಗಿಸಿಟ್ಟರು, ಎಳನೀರು ಕೊಟ್ಟರು, ಹೊಸ ಟವಲು ಕೊಟ್ಟರು. ಶೋಭಾರಾಣಿ ಅಡುಗೆಮನೆಗೆ ಹೋಗಿ ಈರುಳ್ಳಿ ಕೈಗೆತ್ತಿಕೊಂಡರೆ ಆಶಾ ಅದನ್ನು ಮೆತ್ತಗೆ ಬಿಡಿಸಿಕೊಂಡು, "ನೀನು ಕೂತ್ಕೋ ಅಕ್ಕ, ಸುಸ್ತಾಗಿರ್ತೀಯ" ಅಂದಳು. ಬೈಯುತ್ತಾಳೆ, ಅಳುತ್ತಾಳೆ, ಮುಖ ಊದಿಸಿಕೊಂಡಿರುತ್ತಾಳೆ ಎಂದೆಲ್ಲ ಊಹಿಸಿಕೊಂಡು ರೈಲಿನಲ್ಲಿ ಮಾತು ಜೋಡಿಸಿಕೊಂಡು ಬಂದಿದ್ದವಳು ಹಜಾರಕ್ಕೆ ಹೋಗಿ ನೆಂಟಳಂತೆ ಕೂತಳು.

ಸಂಜೆಯ ಹೊತ್ತಿಗೆ ಇನ್ನೊಂದು ನಡೆಯಿತು. ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದ ಆಶಾ "ಅಕ್ಕಾ! ಅಕ್ಕಾ!" ಎಂದು ಕೂಗಿದಳು. ಶೋಭಾರಾಣಿ "ಬಂದೆ ಕಣೇ" ಎಂದು ಎದ್ದು ಬಾಗಿಲಿಗೆ ಓಡಿದಳು. ಅಷ್ಟರಲ್ಲಿ ಬೇಲಿಯ ಆಚೆಯಿಂದ ವಯಸ್ಸಾದ ಹೆಂಗಸೊಬ್ಬಳು "ಏಂಟೇ ಪಿಲ್ಲಾ", ಏನೇ ಹುಡುಗಿ, ಎನ್ನುತ್ತ ತಲೆಯೆತ್ತಿದಳು. ಪಕ್ಕದ ಮನೆಯ ಮಂಗತಾಯಾರು. ಆಶಾ ಅವಳ ಜೊತೆ ಬೇಲಿಗೆ ಮೊಣಕೈಯೂರಿ ಏನೇನೋ ಹೇಳಿಕೊಂಡು ನಗುತ್ತ ನಿಂತಳು. ಹಿಂದೆ ಬಾಗಿಲಲ್ಲಿ ಇನ್ನೊಬ್ಬ ಅಕ್ಕ ನಿಂತಿರುವುದು ಅವಳಿಗೆ ತಿಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ತೋಟಕ್ಕೆ ಹೋದರು. ಮೇಲೆ ತೆಂಗು, ಕೆಳಗೆ ಕೋಕೋ. ಒಳಗೆ ಕಾಲಿಟ್ಟ ಕೂಡಲೇ ಬಿಸಿಲು ಮಾಯವಾಯಿತು. ವರ್ಷಗಟ್ಟಲೆ ಉದುರಿದ ಅಗಲದ ಎಲೆಗಳ ಮೇಲೆ ನಡೆದರೆ ಹಾಸಿಗೆಯ ಮೇಲೆ ನಡೆದಂತೆ ಕಾಲು ತುಸು ಹೂತುಕೊಳ್ಳುತ್ತಿತ್ತು. ಹಲಸಿನ ಹಾಗೆ ಕಾಯಿಗಳೆಲ್ಲ ಬೊಡ್ಡೆಗೇ ಅಂಟಿಕೊಂಡಿದ್ದವು. ಹಸಿರು, ಹಳದಿ, ಕೆಲವು ಇಟ್ಟಿಗೆ ಕೆಂಪು. ದೂರದಲ್ಲೆಲ್ಲೋ ಬೀಜ ಹುಳಿಗೆ ಹಾಕಿದ ಪೆಟ್ಟಿಗೆಗಳಿಂದ ಹೆಂಡದಂಥ ವಾಸನೆ ತೇಲಿ ಬರುತ್ತಿತ್ತು. ರಂಜಿತ ಒಂದು ಕಾಯಿಯನ್ನು ಕಲ್ಲಿಗೆ ಬಡಿದು ಒಡೆದು, ಬಿಳೀ ತಿರುಳು ಹೊದ್ದ ಬೀಜವೊಂದನ್ನು ದೊಡ್ಡಮ್ಮನ ಕೈಗಿಟ್ಟಳು. "ಅಗಿಬೇಡಿ ಪೆದ್ದಮ್ಮಾ, ಚೀಪಿ. ಬೀಜ ಕಹಿ."

ಸೀತಾಫಲದ ಹಾಗಿತ್ತು, ಸ್ವಲ್ಪ ಹುಳಿ. "ಎಷ್ಟು ಚೆನ್ನಾಗಿದೆಯೇ!" ಅಂದಳು ಶೋಭಾರಾಣಿ. ಬಂದ ಮೇಲೆ ಅವಳಿಗೆ ಮೊದಲ ಸಲ ಮನಸ್ಸು ಹಗುರಾಗಿತ್ತು. ರಂಜಿತಾಳಿಗೂ ಹುರುಪು ಬಂತು. ಅವಳ ಕನ್ನಡ ಅರೆಬರೆ, ಆದರೂ ಅಜ್ಜಿಯ ಮನೆಯಲ್ಲಿ ಕಲಿತದ್ದನ್ನೆಲ್ಲ ಸೇರಿಸಿ ಹೇಳಿದಳು: "ನಾನು ಚಿಕ್ಕೋಳಿದ್ದಾಗ ಅಮ್ಮ ಪ್ರತಿ ಸಂಕ್ರಾಂತಿಗೂ ಹೇಳೋರು, ಈ ಸಾರಿ ಪೆದ್ದಮ್ಮ ಬರ್ತಾರೆ, ಕಾಯಿ ಒಡೆದು ಕೊಡೋಣ ಅಂತ. ನಾನು ಒಳ್ಳೆ ಹಳದಿ ಕಾಯಿ ನೋಡಿ ಇಡ್ತಿದ್ದೆ. ಆಮೇಲೆ ಅಮ್ಮ ಹೇಳೋದು ಬಿಟ್ಬಿಟ್ರು."

ಹುಡುಗಿ ಕೊಂಕಿನಿಂದ ಹೇಳಿರಲಿಲ್ಲ. ಶೋಭಾರಾಣಿ ಬಾಯಲ್ಲಿದ್ದ ಬೀಜವನ್ನು ಉಗುಳಲೂ ತೋಚದೆ ಮುಂದೆ ನಡೆದಳು. ಮೂಲೆಯಲ್ಲಿ ಸ್ವಲ್ಪ ಜಾಗಕ್ಕೆ ಗಿಡವಿರಲಿಲ್ಲ. ಎಲೆ ಗುಡಿಸಿ ನೆಲ ಚೊಕ್ಕಟವಾಗಿತ್ತು. ಅಲ್ಲಿ ಬೀಜ ಉಗುಳೋಣವೆಂದು ಬಗ್ಗಿದಾಗ ರಂಜಿತ ಹಿಂದಿನಿಂದ ಓಡಿಬಂದು ಕೈ ಹಿಡಿದಳು.

"ಅಲ್ಲಿ ಬೇಡ ಪೆದ್ದಮ್ಮಾ. ಅಲ್ಲಿ ಅಣ್ಣಯ್ಯ ಇದ್ದಾನೆ."

ಶೋಭಾರಾಣಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಶಾ ಒಂದಷ್ಟು ದೂರದಲ್ಲಿ, ಕತ್ತರಿ ಹಿಡಿದು ಕಾಯಿ ಬಿಡಿಸುತ್ತಿದ್ದಳು. ಕತ್ತರಿಯ ಸದ್ದು ನಿಂತಿತು, ಮತ್ತೆ ಶುರುವಾಯಿತು. ಅವಳು ತಿರುಗಿ ನೋಡಲಿಲ್ಲ.

ಆ ದಿನ ಶೋಭಾರಾಣಿ ಸರಿಯಾಗಿ ಊಟ ಮಾಡಲಿಲ್ಲ. ಸತ್ತಿಬಾಬು ಹೆಂಡತಿಗೆ ಹೇಳಿದ, ಅಕ್ಕನನ್ನು ಕೊಲ್ಲೇರಿಗೆ ಕರೆದುಕೊಂಡು ಹೋಗು, ಹಕ್ಕಿ ಬಂದಿವೆ, ಮನಸ್ಸಿಗೂ ಬದಲಾವಣೆಯಾಗುತ್ತೆ ಅಂತ.

ಕೊಲ್ಲೇರು ಸರೋವರಕ್ಕೆ ಇಬ್ಬರೇ ಹೋದರು. ಮಳೆಗಾಲ ಮುಗಿದು ನೀರು ತುಂಬಿ ನಿಂತಿತ್ತು. ಆಚೆ ದಡ ಕಾಣುತ್ತಿರಲಿಲ್ಲ. ಕೋಲಾರದ ಕೆರೆಗಳನ್ನು ನೋಡಿ ಬೆಳೆದವಳಿಗೆ ಇದನ್ನು ಏನೆಂದು ಕರೆಯಬೇಕೋ ತಿಳಿಯಲಿಲ್ಲ. ದೋಣಿಯವನು ಕೋಲು ಚುಚ್ಚಿ ಮೆಲ್ಲಗೆ ಜೊಂಡಿನ ನಡುವೆ ನಡೆಸಿದ. ಮುಳುಗಿದ ಮರಗಳ ಮೇಲೆ ಹೆಜ್ಜಾರ್ಲೆಗಳು, ದೊಡ್ಡ ಕೊಕ್ಕನ್ನು ಎದೆಗಿಟ್ಟುಕೊಂಡು, ಪಂಚಾಯ್ತಿ ಕಟ್ಟೆಯ ಮುದುಕರಂತೆ ಕೂತಿದ್ದವು. ಶೋಭಾರಾಣಿ ಅವನ್ನು ನೋಡುತ್ತಲೇ ಬಾಯಿಬಿಟ್ಟಳು. ಕನ್ನಡ ದೋಣಿಯವನಿಗೆ ತಿಳಿಯದು ಅನ್ನುವ ಧೈರ್ಯದಲ್ಲಿ ಅಂದಳು.

"ಆಶಾ, ಅವತ್ತು ನಾನು ಅಂಗೆ ಅನ್ನಬಾರದಿತ್ತು."

"ಯಾವತ್ತು?"

"ಇವರೆಲ್ಲ ನನ್ನ ನೋಡೋಕೆ ಬಂದಿದ್ದರಲ್ಲ, ಅವತ್ತು. ಆಶಾನ ತೋರಿಸಿ ಅಂತ ಅಮ್ಮಂಗೆ ಹೇಳಿದ್ದು ನಾನೇ ಕಣೇ."

ಆಶಾ ಅವಳನ್ನೇ ನೋಡಿದಳು. ಆಮೇಲೆ ಜೋರಾಗಿ ನಕ್ಕಳು. ಹತ್ತಿರದ ಕೊಂಬೆಯಿಂದ ಎರಡು ಹಕ್ಕಿ ಎದ್ದುಹೋದವು. "ಗೊತ್ತಲ್ಲ ಅಕ್ಕ. ನಾನು ಹಿತ್ತಲ ತೊಟ್ಟಿ ಹಿಂದೇನೇ ಇದ್ದೆ. ಎಲ್ಲಾ ಕೇಳಿಸ್ತು."

"ಕೇಳಿಸ್ತಾ? ಮತ್ತೆ ಯಾಕೆ ಹೋಗಿ ಕೂತೆ?"

"ಕೂತೆ, ಅಷ್ಟೇ. ಯಾರೂ ಕೈಕಾಲು ಕಟ್ಟಿ ಕೂರಿಸಲಿಲ್ಲ. ಇವರು ನನ್ನ ನೋಡಿ ಮೊದಲು ಕೇಳಿದ್ದು, ಓದ್ತಿದ್ದೀಯಂತಲ್ಲ, ನಿಲ್ಲಿಸೋಕೆ ಇಷ್ಟನಾ ಅಂತ. ಬೇರೆ ಯಾರೂ ನನ್ನ ಅದನ್ನ ಕೇಳಿರಲಿಲ್ಲ. ಆಗಲೇ ಹೂಂ ಅಂದ್ಕೊಂಡೆ. ಇಲ್ಲಿಗೆ ಬಂದ್ಮೇಲೆ ಪ್ರೈವೇಟಾಗಿ ಕಟ್ಟಿ ಡಿಗ್ರಿನೂ ಮುಗಿಸ್ದೆ, ಅಮ್ಮ ಹೇಳಲಿಲ್ವಾ?" ಮತ್ತೆ ನಕ್ಕಳು. "ಅಯ್ಯೋ, ಇದನ್ನ ಇಷ್ಟು ವರ್ಷ ಹೊತ್ಕೊಂಡು ತಿರುಗ್ತಿದ್ಯಾ? ಇದಕ್ಕಾ ನೀನು ಬರ್ದೇ ಇದ್ದಿದ್ದು?"

ಶೋಭಾರಾಣಿ ಹೌದೆಂದು ತಲೆಯಾಡಿಸಿದಳು. ಆಶಾಳ ಮುಖದ ನಗು ನಿಧಾನವಾಗಿ ಇಳಿಯಿತು. ಅವಳು ನೀರಿನಲ್ಲಿ ಕೈಯದ್ದಿದಳು.

"ಪಾಪು ಹೋದಾಗ ನೀನು ಬರ್ತೀಯ ಅಂದ್ಕೊಂಡಿದ್ದೆ ಅಕ್ಕ. ಅಪ್ಪ ಅಮ್ಮ ಬಂದ್ರು. ಅಮ್ಮ ಬಂದವಳೇ ಬಾಗಿಲಲ್ಲೇ ಕುಸಿದುಬಿಟ್ಲು. ಅವಳನ್ನ ನಾನೇ ಎತ್ತಿ, ನೀರು ಕುಡಿಸಿ, ಸಮಾಧಾನ ಮಾಡ್ದೆ. ಅಪ್ಪ ಮಾತೇ ಆಡಲಿಲ್ಲ. ಇವರ ಕಣ್ಣು ನೋಡೋಕಾಗ್ತಿರಲಿಲ್ಲ. ನಾನು ಅತ್ತರೆ ಎಲ್ಲರೂ ಬಿದ್ದುಹೋಗ್ತಾರೆ ಅಂತ ಹಲ್ಲು ಕಚ್ಚಿಕೊಂಡಿದ್ದೆ. ಅಕ್ಕ ಬರಲಿ, ಅವಳ ಹತ್ರ ಅಳ್ತೀನಿ ಅಂತ. ಚಿಕ್ಕೋರಿದ್ದಾಗ ಬಿದ್ದು ಮಂಡಿ ಒಡ್ಕೊಂಡ್ರೂ ನಿನ್ನ ಹತ್ರ ಬರೋವರೆಗೂ ಅಳ್ತಿರಲಿಲ್ಲ ನಾನು, ನೆನಪಿದ್ಯಾ?"

ನೆನಪಿತ್ತು.

"ದಿನಾ ಬಸ್ಸಿನ ಹೊತ್ತಿಗೆ ರಸ್ತೆಗೆ ಬಂದು ನಿಲ್ತಿದ್ದೆ. ಪಕ್ಕದ ಮನೆ ಮಂಗಕ್ಕ ಬೈದು ಒಳಗೆ ಕರ್ಕೊಂಡು ಹೋಗೋಳು. ಒಂದು ದಿನ ಅವಳೇ ಹೇಳಿದ್ಲು, ಬರೋರು ಬರ್ಲಿ ಬಿಡು, ಇಲ್ಲಿ ಕೂತು ಅತ್ತುಬಿಡು ಅಂತ. ಅವಳ ಮಡಿಲಲ್ಲಿ ಮಲಗಿ ಅತ್ತೆ. ಆಮೇಲೆ ರಸ್ತೆಗೆ ಹೋಗೋದು ಬಿಟ್ಟೆ."

"ನನ್ನ ಮೇಲೆ ಕೋಪ ಇದ್ಯೇನೇ?"

"ಇತ್ತು, ತುಂಬಾ ದಿನ. ಈಗ ಇಲ್ಲ." ಆಶಾ ಕೈಯನ್ನು ನೀರಿನಿಂದ ತೆಗೆದು ಸೆರಗಿಗೆ ಒರೆಸಿಕೊಂಡಳು. "ಇದ್ದಿದ್ರೇ ಚೆನ್ನಾಗಿತ್ತೇನೋ. ಕೂತು ಜಗಳ ಆಡ್ಬೋದಿತ್ತು. ಈಗ ಹುಡುಕಿದ್ರೂ ಸಿಗಲ್ಲ ಅಕ್ಕ."

ದೋಣಿಯವನು ಕೋಲಿನಿಂದ ಆಚೆ ತೋರಿಸಿ, ಅಲ್ಲಿ ಬಣ್ಣದ ಕೊಕ್ಕರೆ ಇವೆ, ಹತ್ತಿರಕ್ಕೆ ಹೋಗಲೇ ಎಂದು ತೆಲುಗಿನಲ್ಲಿ ಕೇಳಿದ. ಆಶಾ "ಪೋನಿ ಬಾಬಾಯ್" ಎಂದು ನಡೆಸಲು ಹೇಳಿದಳು. ದೋಣಿ ಹತ್ತಿರಕ್ಕೆ ಹೋಯಿತು. ಗುಲಾಬಿ ಬಣ್ಣದ ಗರಿಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಶೋಭಾರಾಣಿ ಏನನ್ನೂ ನೋಡಲಿಲ್ಲ. ಇಷ್ಟು ವರ್ಷ ಅವಳು ಯಾವುದನ್ನು ತನ್ನ ತಪ್ಪು ಅಂದುಕೊಂಡು ಗಾಯದಂತೆ ಹಗಲಿರುಳು ನೆಕ್ಕಿಕೊಂಡಿದ್ದಳೋ ಅದು ತಂಗಿಗೆ ನಗೆಯ ವಿಷಯವಾಗಿತ್ತು. ಅದರ ಮರೆಯಲ್ಲಿ ಕೂತು ಬರದೇ ಉಳಿದದ್ದೇ ತಪ್ಪಾಗಿತ್ತು. ಒಂದು ರೈಲು ಹತ್ತಿದ್ದರೆ ಸಾಕಿತ್ತು. ಬಂದು, ಬಾಯಿ ಮುಚ್ಚಿಕೊಂಡು, ಆ ಅಂಗಳದಲ್ಲಿ ಕೂತಿದ್ದರೆ ಸಾಕಿತ್ತು.

ಇನ್ನೂ ಕೆಲವು ದಿನ ಅವಳು ಅಲ್ಲೇ ಇದ್ದಳು. ಕೊಲ್ಲೇರಿನಿಂದ ಬಂದ ಮೇಲೆ ಆಶಾ ಈರುಳ್ಳಿ ಬಿಡಿಸಿಕೊಳ್ಳಲಿಲ್ಲ, ಹೆಚ್ಚಲು ಬಿಟ್ಟಳು. ಅಷ್ಟು ಬದಲಾಯಿತು. ಬೆಳಿಗ್ಗೆ ಬಿಸಿಲೇರುವ ಮೊದಲು ಶೋಭಾರಾಣಿ ಅಂಗಳದ ಬೀಜವನ್ನು ಕಾಲಿನಿಂದ ತಿರುವಿಹಾಕಿದಳು, ಮೋಡ ಕಂಡಾಗ ರಂಜಿತಾಳ ಜೊತೆ ಟಾರ್ಪಾಲು ಮಡಿಸಿದಳು. ಒಮ್ಮೆ ಯಾರಿಗೂ ಹೇಳದೆ ತೋಟದ ಮೂಲೆಗೆ ಹೋಗಿ ನಿಂತಳು. ಏನು ಮಾಡಬೇಕೋ ತಿಳಿಯದೆ, ಅಲ್ಲಿ ಬಿದ್ದಿದ್ದ ಎಲೆಗಳನ್ನು ಕೈಯಲ್ಲೇ ಆಯ್ದು ಪಕ್ಕಕ್ಕೆ ಹಾಕಿ ಬಂದಳು.

ಹೊರಡುವ ದಿನ ಆಶಾಳೇ ಸ್ಟೇಷನ್ನಿಗೆ ಬಿಟ್ಟಳು. ಸಕ್ಕರೆ, ತುಪ್ಪ ಸವರಿದ ಕಾಗದದಂಥ ಪೂತರೇಕುಲು ಡಬ್ಬಿಯನ್ನೂ ತೆಂಗಿನಕಾಯಿಗಳ ಚೀಲವನ್ನೂ ಬೆಂಚಿನ ಮೇಲಿಟ್ಟು ಪಕ್ಕದಲ್ಲಿ ಕೂತಳು.

"ಮಾವಿನ ಟೈಮಿಗೆ ಬಾರೇ," ಅಂದಳು ಶೋಭಾರಾಣಿ. "ಗೌನಿಪಲ್ಲಿ ಬೇಡ, ನಮ್ಮ ಮನೆಗೇ ಬಾ. ರಂಜಿತನ್ನೂ ಕರ್ಕೊಂಡು ಬಾ."

"ಆಗ ನಮಗಿಲ್ಲಿ ಕೋಕೋ ಜೋರು ಅಕ್ಕ. ಒಂದಿನ ಬಿಟ್ರೂ ಕಾಯಿ ಒಣಗುತ್ತೆ, ಅಳಿಲು ತಿನ್ನುತ್ತೆ. ನೋಡೋಣ."

ಆ 'ನೋಡೋಣ' ಎಂಥದ್ದೆಂದು ಶೋಭಾರಾಣಿಗೆ ಚೆನ್ನಾಗಿ ಗೊತ್ತಿತ್ತು. ಅವಳೇ ಅದನ್ನು ಎಷ್ಟೋ ವರ್ಷ ಫೋನಿನಲ್ಲಿ ಹೇಳಿದ್ದಳು. ರೈಲಿನ ಅನೌನ್ಸ್‌ಮೆಂಟು ಬಂತು. ಅವಳು ಅವಸರದಲ್ಲಿ, ಇನ್ನು ಕೇಳದಿದ್ದರೆ ಆಗುವುದೇ ಇಲ್ಲವೆಂಬಂತೆ, ಕೇಳಿಬಿಟ್ಟಳು: "ಪಾಪು ಹೆಂಗಿದ್ದ? ನಾನು ಅವನನ್ನ ನೋಡೇ ಇಲ್ಲ ಕಣೇ."

ಆಶಾ ಹಳಿಯ ಕಡೆ ನೋಡಿದಳು. "ಹೇಳೋಷ್ಟು ಏನಿಲ್ಲ ಅಕ್ಕ. ಗೋಡೆ ಹಿಡ್ಕೊಂಡು ನಿಲ್ಲೋಕೆ ಕಲಿತಿದ್ದ. ಅಷ್ಟೇ." ಆಮೇಲೆ ಎದ್ದು ಚೀಲವನ್ನು ಕೈಗೆತ್ತಿಕೊಂಡಳು. "ಬೋಗಿ ಮುಂದೆ ಬರುತ್ತೆ, ನಡಿ."

ರಜ ಮುಗಿದು ಸ್ಕೂಲು ತೆರೆಯಿತು. ಸ್ಟಾಫ್ ರೂಮಿನಲ್ಲಿ ಪೂತರೇಕುಲು ಹಂಚಿದಾಗ ಎಲ್ಲರೂ ಬಾಯಿ ಚಪ್ಪರಿಸಿದರು. ಪಕ್ಕದ ಕುರ್ಚಿಯ ಸುನಂದ ಮೇಡಂ ಬೆರಳು ಒರೆಸಿಕೊಳ್ಳುತ್ತ, "ತಂಗಿ ಊರು ಹೆಂಗಿತ್ರೀ? ಹಸಿರಂತೆ, ಕೆರೆಯಂತೆ, ಹಕ್ಕಿಯಂತೆ?" ಎಂದು ಕೇಳಿದರು.

"ತುಂಬಾ ಚೆನ್ನಾಗಿದೆ ಮೇಡಂ," ಅಂದಳು ಶೋಭಾರಾಣಿ. "ಮೊದಲೇ ಹೋಗಬೇಕಿತ್ತು."